ಕಿವಿಯಮ್ಮನ ಅಭಿಪ್ರಾಯ

ಕಿವಿಯಮ್ಮ ಧಾರಾವಾಹಿ ನೋಡಿದವಳೇ ಅಲ್ಲ, ಕೇಳಿದವಳು. ಅವಳ ಹೊಲಿಗೆ ಯಂತ್ರ ನಡುಮನೆಯ ಕಿಟಕಿಗೆ ಮುಖ ಮಾಡಿತ್ತು, ಟಿವಿ ಬೆನ್ನ ಹಿಂದಿನ ಗೋಡೆಯ ಮೇಲಿತ್ತು. ಶಾಲೆಯ ಯೂನಿಫಾರ್ಮು, ಕೆಟ್ಟ ಜಿಪ್ಪು, ಉದ್ದವಾದ ಪ್ಯಾಂಟಿನ ಕಾಲು ಇವೇ ಅವಳ ಸಂಜೆಯ ಕೆಲಸ. ತಿರುಗಿ ನೋಡಿದರೆ ಸೂಜಿ ಬೆರಳಿಗಿಳಿಯುತ್ತದೆ. ಹಾಗಾಗಿ ಇಪ್ಪತ್ತೆರಡು ವರ್ಷಗಳಿಂದ ಕಣ್ಣು ಬಟ್ಟೆಗೆ, ಕಿವಿ ಟಿವಿಗೆ ಎಂದು ಪಾಲು ಹಂಚಿಕೊಂಡಿದ್ದಳು.

ಅಷ್ಟು ವರ್ಷ ಪಳಗಿದ ಕಿವಿ ಬರೀ ಕಿವಿಯಾಗಿ ಉಳಿಯುತ್ತದೆಯೇ? ಏಳೂವರೆಯ ಧಾರಾವಾಹಿಯಲ್ಲಿ ಹಿರಿಯಕ್ಕನಾದವಳು ಸುಳ್ಳು ಹೇಳುವ ಮೊದಲು ಸಣ್ಣಗೆ ಉಸಿರೆಳೆದುಕೊಳ್ಳುತ್ತಾಳೆ, ಅದು ಯಾರೋ ಹೇಳಿಕೊಟ್ಟದ್ದಲ್ಲ, ಆದ್ದರಿಂದ ಅವಳೊಬ್ಬಳೇ ನಟಿ, ಉಳಿದವರೆಲ್ಲ ಸೀರೆ ಹ್ಯಾಂಗರುಗಳು ಎಂದು ಅವಳ ತೀರ್ಪು. ಶನಿವಾರದ ಅಡುಗೆ ಸ್ಪರ್ಧೆಯ ತೀರ್ಪುಗಾರ ಅಗಿಯುವ ಮೊದಲೇ ‘ಅದ್ಭುತ’ ಎನ್ನುತ್ತಾನೆ, ಬಿಸಿಗೆ ಒಮ್ಮೆಯೂ ಉಫ್ ಎಂದು ಊದಿದವನಲ್ಲ, ಅವನ ಮುಂದಿಡುವುದೆಲ್ಲ ತಂಗಳು. ಭಾನುವಾರದ ಕೋರ್ಟು ಧಾರಾವಾಹಿಯ ವಕೀಲ ನ್ಯಾಯಾಲಯದಲ್ಲಿ ನಡೆದರೂ ಆಸ್ಪತ್ರೆಯಲ್ಲಿ ನಡೆದರೂ ಬೂಟಿನ ಸದ್ದು ಒಂದೇ. “ಎಲ್ಲಾ ಒಂದೇ ರೂಮು ಕಣ್ರೀ, ಪರದೆ ಮಾತ್ರ ಬೇರೆ,” ಎಂದು ಅವಳು ಜಿಪ್ಪು ಹಾಕಿಸಿಕೊಳ್ಳಲು ಬಂದವರಿಗೆಲ್ಲ ಹೇಳುವಳು.

ಎದುರಿನ ಬ್ಯೂಟಿ ಪಾರ್ಲರಿನವಳು ಅದನ್ನು ಕೇಳಿ ಬಿದ್ದು ಬಿದ್ದು ನಕ್ಕಳು. ಅವಳೇ ‘ಕಿವಿಯಮ್ಮ’ ಎಂದು ಹೆಸರಿಟ್ಟಳು, ಅವಳೇ ಫೋನಿನಲ್ಲೊಂದು ಗುಂಪು ಕಟ್ಟಿದಳು. ಸಂಜೆ ಎಂಟಕ್ಕೆ ಕಿವಿಯಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದು ಎರಡು ನಿಮಿಷ ಅಭಿಪ್ರಾಯ ಹೇಳಬೇಕು, ಪಾರ್ಲರಿನವಳು ಅದಕ್ಕೊಂದು ಚಿತ್ರ ಅಂಟಿಸಿ ಇಂಟರ್ನೆಟ್ಟಿನ ತನ್ನ ಚಾನೆಲ್ಲಿಗೆ ಏರಿಸಬೇಕು. ಮೊದಲು ಅರವತ್ತು ಜನ ಕೇಳುತ್ತಿದ್ದರು. ವರ್ಷ ತುಂಬುವುದರೊಳಗೆ ಹತ್ತು ಸಾವಿರ ದಾಟಿತು. ಕಿವಿಯಮ್ಮ ಸುಳ್ಳು ಹೇಳುವುದಿಲ್ಲ, ಇದ್ದದ್ದು ಇದ್ದಹಾಗೆ ಹೇಳುತ್ತಾಳೆ ಎಂದು ಗುರುತಿಲ್ಲದವರೂ ಬರೆಯತೊಡಗಿದರು. ಜೀವಮಾನವಿಡೀ ಇನ್ನೊಬ್ಬರ ಬಟ್ಟೆಯ ಅಂಚು ಹೊಲಿದವಳಿಗೆ ಅದು ತಲೆಗೇರದೆ ಇರುತ್ತದೆಯೇ? ಏರಿತು.

ಮನೆಯಲ್ಲಿ ಮಾತ್ರ ಕವಡೆ ಕಿಮ್ಮತ್ತಿರಲಿಲ್ಲ.

“ನಲವತ್ತು ವರ್ಷ ವೇಬ್ರಿಡ್ಜಲ್ಲಿ ಲಾರಿ ತೂಗಿದೋನು ನಾನು,” ಎಂದು ಅವಳ ಯಜಮಾನರು ರಾಗ ಎಳೆಯುವರು. “ಸುಳ್ಳು ತೂಕ ನನಗೂ ಗೊತ್ತಾಗುತ್ತೆ. ನನ್ನನ್ನ ಒಬ್ಬರೂ ಕೇಳಲ್ಲ.”

“ನಿಮ್ಮನ್ನ ಕೇಳಿದ್ರೆ ನಿದ್ದೆ ಬರುತ್ತೆ ಅವರಿಗೆ.”

ಫ್ರಿಜ್ ರಿಪೇರಿ ಮಾಡುವ ಮಗ ನಗುವನು. ದಂತ ಚಿಕಿತ್ಸಾಲಯವೊಂದರ ಮುಂದಿನ ಮೇಜಿನಲ್ಲಿ ಕೂತು ರೋಗಿಗಳ ಸರದಿ ಬರೆದುಕೊಳ್ಳುವ ಸೊಸೆ ಕೆಲಸದಿಂದ ಬಂದವಳೇ ನಡುಮನೆಯಲ್ಲಿ ನೆಲದ ಮೇಲೆ ಕಾಲು ಚಾಚಿ ತರಕಾರಿ ಹೆಚ್ಚುವಳು. ಧಾರಾವಾಹಿ ನಡೆಯುವಷ್ಟು ಹೊತ್ತೂ ಅತ್ತೆಯ ಬೆನ್ನ ಹಿಂದೆಯೇ ಕೂತಿರುವಳು. ಮಾತು ಕಡಿಮೆ. ಕಿವಿಯಮ್ಮನಿಗೆ ಸೊಸೆಯೆಂದರೆ ಒಳಗೊಳಗೇ ಹೆಮ್ಮೆ. ಆ ಹೆಮ್ಮೆಯೇ ಮುಳುವಾಯಿತು.

ಹಿಂದಿನ ವರ್ಷ, ಇನ್ನೂ ಯಾರಿಗೂ ತಿಳಿಸದ ನಾಲ್ಕನೆಯ ತಿಂಗಳಲ್ಲಿ, ಸೊಸೆಯ ಬಸಿರು ಹೋಗಿತ್ತು. ಆಸ್ಪತ್ರೆಯ ಮಂಚದಲ್ಲಿ ಅವಳು ಅತ್ತೆಯ ಕೈ ಹಿಡಿದು ಕೇಳಿಕೊಂಡದ್ದು ಒಂದೇ.

“ಅತ್ತೆ, ಇದನ್ನ ಯಾರಿಗೂ ಹೇಳ್ಬೇಡಿ. ಗೊತ್ತಾದ್ರೆ ನೋಡೋರೆಲ್ಲ ಅದೇ ಕಣ್ಣಲ್ಲಿ ನೋಡ್ತಾರೆ.”

“ನನ್ನ ಬಾಯಿಂದ ಬಂದ್ರೆ ಕೇಳು,” ಎಂದಿದ್ದಳು ಕಿವಿಯಮ್ಮ.

ಹತ್ತು ತಿಂಗಳು ಬರಲಿಲ್ಲ. ಅಕ್ಕಪಕ್ಕದವರಿಗೆ, ಚಿಕಿತ್ಸಾಲಯದವರಿಗೆ ಹೊಟ್ಟೆನೋವು ಎಂದು ಹೇಳಿ ಮುಗಿಸಿದ್ದರು. ಒಂದು ವಾರ ಕಳೆದು ಸೊಸೆ ಕೆಲಸಕ್ಕೆ ಹೋದಳು. ಮನೆಯಲ್ಲಿ ಅವಳು ಅತ್ತದ್ದನ್ನು ಕಿವಿಯಮ್ಮ ಒಮ್ಮೆಯೂ ಕೇಳಲಿಲ್ಲ. ಗಟ್ಟಿಗಿತ್ತಿ ಎಂದುಕೊಂಡಳು.

ಹೀಗಿರುವಾಗ ಏಳೂವರೆಯ ಧಾರಾವಾಹಿಯಲ್ಲಿ ಕಿರಿಯ ತಂಗಿಗೆ ಬಸಿರು ಹೋಯಿತು. ಸೋಮವಾರ ಶುರುವಾದ ಅಳು ಬುಧವಾರವಾದರೂ ನಿಲ್ಲಲಿಲ್ಲ. ಗುಂಪಿನವರೆಲ್ಲ ಕಣ್ಣೀರಿನ ಬೊಂಬೆಗಳನ್ನು ಕಳಿಸಿದ್ದೇ ಕಳಿಸಿದ್ದು. ಕಿವಿಯಮ್ಮನಿಗೆ ಕೇಳಿ ಕೇಳಿ ಮೈ ಪರಚಿಕೊಳ್ಳುವಂತಾಯಿತು. ಬುಧವಾರ ಸಂಜೆ ಅಭಿಪ್ರಾಯ ಹೇಳಿಯೇಬಿಟ್ಟಳು.

“ಅದು ಅಳುವಲ್ಲ, ಸ್ವರಾಭ್ಯಾಸ. ಅತ್ತೋರಿಗೆ ಮೂಗು ಕಟ್ಟಬೇಕು. ಇವಳು ಮೂರು ದಿನ ಅತ್ತರೂ ಧ್ವನಿ ಗಂಟೆ ಹೊಡೆದ ಹಾಗಿದೆ. ಸುಳ್ಳು, ಬರೀ ಸುಳ್ಳು.”

ಯಾವತ್ತೂ ಚಪ್ಪಾಳೆ ತಟ್ಟುವವರು ಅಂದು ತಿರುಗಿಬಿದ್ದರು. ಮಗು ಕಳೆದುಕೊಂಡವರ ಸಂಕಟ ನಿಮಗೇನು ಗೊತ್ತು? ನಿಮಗೆ ಹೃದಯ ಇದೆಯಾ? ಬಟ್ಟೆ ಹೊಲೆಯೋದು ಬಿಟ್ಟು ಬೇರೇನು ಕಂಡಿದ್ದೀರಿ? ಇನ್ನೂರು, ಮುನ್ನೂರು ಉತ್ತರ ಬಂದವು. ಕಿವಿಯಮ್ಮ ಒಂದೊಂದನ್ನೂ ಓದಿದಳು. ಉರಿ ಹತ್ತಿತು. ಮರುದಿನ ಮಧ್ಯಾಹ್ನ, ಮಗ ಸೊಸೆ ಕೆಲಸಕ್ಕೆ ಹೋಗಿದ್ದಾಗ, ಯಜಮಾನರು ಊಟ ಮಾಡಿ ಗೊರಕೆ ಹೊಡೆಯುತ್ತಿದ್ದಾಗ, ಅವಳು ಫೋನು ಎತ್ತಿಕೊಂಡಳು.

“ಕಂಡೇ ಹೇಳ್ತಿದೀನಿ. ನಮ್ಮನೇಲೇ ಆಗಿದೆ. ನಮ್ಮ ಸೊಸೆಗೆ ನಾಲ್ಕು ತಿಂಗಳಾದಾಗ ಹೋಯ್ತು. ಒಂದು ಹನಿ ಕಣ್ಣೀರು ಹಾಕ್ಲಿಲ್ಲ ಆ ಹುಡುಗಿ. ವಾರಕ್ಕೆ ಎದ್ದು ಅನ್ನ ಬೇಯಿಸಿಟ್ಟು ಹಲ್ಲಿನ ಡಾಕ್ಟರ ಹತ್ರ ಕೆಲಸಕ್ಕೆ ಹೋದ್ಲು. ನಿಜವಾಗಿ ಕಳ್ಕೊಂಡೋರು ಹಾಗಿರ್ತಾರೆ. ನಿಮ್ಮ ಟಿವಿಯೋಳು ಬಂದು ನಮ್ಮ ಸೊಸೆ ಹತ್ರ ಕಲೀಲಿ.”

ಕಳಿಸಿದ ಮೇಲೆ ಮಾತು ಕೊಟ್ಟದ್ದು ನೆನಪಾಯಿತು. ಆದರೆ ಹೆಸರು ಹೇಳಿಲ್ಲವಲ್ಲ, ಬೈದಿಲ್ಲವಲ್ಲ, ಹೊಗಳಿದ್ದಲ್ಲವೇ ಎಂದು ತಾನೇ ಸಮಾಧಾನ ಹೇಳಿಕೊಂಡು ಜಿಪ್ಪು ಹೊಲಿಯಲು ಕೂತಳು.

ಆಡಿದ ಮಾತು, ಒಡೆದ ಮುತ್ತು. ಶನಿವಾರ ರಾತ್ರಿ ಊಟದ ಹೊತ್ತಿಗೆ ಮಗ ತಟ್ಟೆಯ ಮುಂದೆ ಕೂತು ಅನ್ನ ಮುಟ್ಟಲಿಲ್ಲ.

“ಅಮ್ಮ, ಇವತ್ತು ಇವಳ ಕ್ಲಿನಿಕ್ಕಲ್ಲಿ ಏನಾಯ್ತು ಗೊತ್ತಾ?”

“ಬಿಡ್ರಿ ಈಗ. ಊಟ ಮಾಡಿ,” ಎಂದಳು ಸೊಸೆ, ಬೇಳೆ ಬಡಿಸುತ್ತ.

“ಯಾಕೆ ಬಿಡ್ಲಿ? ಕಾಯ್ತಾ ಕೂತಿದ್ದ ಹೆಂಗಸೊಬ್ಬಳು ಫೋನಲ್ಲಿ ನಿನ್ನ ಮಾತನ್ನ ಜೋರಾಗಿ ಹಾಕಿದ್ಲಂತೆ. ಡಾಕ್ಟರಮ್ಮ, ರೋಗಿಗಳು, ನೆಲ ಒರೆಸೋರು ಎಲ್ಲರೂ ಕೇಳಿದಾರೆ. ಇಡೀ ಕ್ಲಿನಿಕ್ಕಿಗೆ ನಿನ್ನ ಧ್ವನಿ ಗುರುತಿದೆ, ನೀನು ಇವಳ ಅತ್ತೆ ಅಂತಾನೂ ಗೊತ್ತು. ಇವಳನ್ನ ಕರ್ಕೊಂಡು ಬರೋಕೆ ಹೋದಾಗ ನೆಲ ಒರೆಸೋ ಅಕ್ಕ ನನಗೆ ಹೇಳಿದ್ಲು. ಇವಳು ಬಾಯಿ ಬಿಟ್ಟಿಲ್ಲ.”

ಕಿವಿಯಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು.

“ನಾನು ಹೊಗಳಿದ್ದು ಕಣೋ! ಗಟ್ಟಿಗಿತ್ತಿ ಅಂತ ಹೇಳಿದ್ದು!”

“ಹೊಗಳೋಕೆ ಬೇರೆ ಏನೂ ಸಿಗ್ಲಿಲ್ವಾ ನಿನಗೆ? ಅವಳು ಮಾಡೋ ಚಹಾ ಹೊಗಳಬೇಕಿತ್ತು!”

“ಹತ್ತು ಸಾವಿರ ಜನ ನನ್ನನ್ನ ಹೃದಯ ಇಲ್ಲದೋಳು ಅಂದ್ರು...”

“ಅದಕ್ಕೆ ಇವಳ ಹೊಟ್ಟೆ ತೆಗೆದು ತೋರಿಸಿದ್ಯಾ?”

ಮಗ ಎದ್ದುಹೋದ. ಸೊಸೆ ಅವನ ತಟ್ಟೆಯ ಅನ್ನವನ್ನು ಪಾತ್ರೆಗೆ ಹಾಕಿ ಮುಚ್ಚಿಟ್ಟಳು, ಅತ್ತೆಯ ತಟ್ಟೆಗೆ ಇನ್ನೊಂದು ಸೌಟು ಬೇಳೆ ಬಡಿಸಿದಳು, ಒಳಗೆ ಹೋದಳು. ಕಿವಿಯಮ್ಮ ಯಜಮಾನರ ಮುಖ ನೋಡಿದಳು. ಈಗಲಾದರೂ ಇವರು ತನ್ನ ಪರ ಒಂದು ಮಾತು ಆಡುತ್ತಾರೆಂದು ಆಸೆ.

“ಒಂದು ಹನಿ ಕಣ್ಣೀರು ಹಾಕ್ಲಿಲ್ಲ ಅಂದ್ಯಲ್ಲ,” ಎಂದರು ಅವರು ಮೆಲ್ಲಗೆ. “ಯಾರು ಹೇಳಿದ್ದು ನಿನಗೆ?”

“ನಾನು ಕೇಳಿಲ್ಲ. ಒಂದು ದಿನಾನೂ ಕೇಳಿಲ್ಲ.”

“ಕೇಳಿಲ್ಲ ಸರಿ. ನೋಡಿದ್ಯಾ? ನಿನ್ನ ಬೆನ್ನ ಹಿಂದೆ ಎರಡು ಅಡಿ ದೂರದಲ್ಲಿ ಕೂತು ದಿನಾ ಅಳ್ತಿದ್ಲು. ಬೀನ್ಸ್ ಹೆಚ್ಚೋಳು, ಕಣ್ಣೀರು ತಟ್ಟೆಗೆ ಬೀಳೋದು. ಸದ್ದಿಲ್ಲ. ಮೂರು ನಾಲ್ಕು ತಿಂಗಳು ಹಾಗೇ ಇತ್ತು. ನಾನು ಟಿವಿ ನೋಡೋನ ಹಾಗೆ ಅವಳನ್ನ ನೋಡ್ತಾ ಕೂತಿರ್ತಿದ್ದೆ.”

“ನನಗೆ ಯಾಕ್ರೀ ಹೇಳ್ಲಿಲ್ಲ?”

“ಮೊದಲನೇ ದಿನಾನೇ ನನ್ನ ಕಡೆ ನೋಡಿ ತಲೆ ಆಡಿಸಿದ್ಲು. ಹೇಳ್ಬೇಡಿ ಅಂತ. ಅದಕ್ಕೇ ಹೇಳ್ಲಿಲ್ಲ.”

ಅಷ್ಟು ಹೇಳಿ ಅವರು ಕೈತೊಳೆಯಲು ಎದ್ದರು. ತಿಂದದ್ದನ್ನೇ ಮರೆಯುವ ಮನುಷ್ಯ, ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಮನುಷ್ಯ, ಒಂದು ಮಾತನ್ನು ಹತ್ತು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದ. ತಾನು ಮುನ್ನೂರು ಜನ ಬೈದರೆಂದು ಕಕ್ಕಿಬಿಟ್ಟಿದ್ದಳು. ಕಿವಿಯಮ್ಮನಿಗೆ ಆ ಕ್ಷಣ ಭೂಮಿ ಬಾಯಿಬಿಡಬಾರದೇ ಎನಿಸಿತು. ನಾಚಿಕೆ ಕಿವಿಯ ತುದಿಯವರೆಗೆ ಬಿಸಿಯಾಗಿ ಹರಿಯಿತು.

ಮರುದಿನ ಬೆಳಗ್ಗೆಯೇ ಪಾರ್ಲರಿಗೆ ಓಡಿದಳು. “ಅದನ್ನ ತೆಗೆದುಹಾಕಮ್ಮ.”

ಪಾರ್ಲರಿನವಳು ಒಬ್ಬರ ತಲೆಗೆ ಬಣ್ಣ ಹಚ್ಚುತ್ತಿದ್ದಳು. “ತೆಗೀತೀನಿ ಅಮ್ಮ. ಆದ್ರೆ ನೀವು ಹೇಳಿದ್ರಲ್ಲೆಲ್ಲಾ ಅದೇ ಹೆಚ್ಚು ಓಡಿರೋದು. ಈಗಾಗ್ಲೇ ಯಾರ್ಯಾರ ಫೋನಿಗೆ ಹೋಗಿದೆಯೋ! ಎಷ್ಟು ಜನ ಅತ್ತಿದಾರೆ ಗೊತ್ತಾ? ಸೊಸೇನ ಒಂದ್ಸಲ ಮಾತಾಡಿಸಿ ಅಂತ ಕೇಳ್ತಿದಾರೆ.”

ಬಣ್ಣ ಹಚ್ಚಿಸಿಕೊಳ್ಳುತ್ತಿದ್ದವಳು ಕನ್ನಡಿಯಲ್ಲೇ ಕೈಮುಗಿದಳು. “ಪುಣ್ಯಾತ್ಗಿತ್ತಿ ನಿಮ್ಮ ಸೊಸೆ.”

ಕಿವಿಯಮ್ಮ ಮನೆಗೆ ಹಿಂದಿರುಗಿದಳು. ಮಡಕೆಯ ಬಾಯಿಗೆ ಮುಚ್ಚಳ ಮುಚ್ಚಬಹುದು, ಊರ ಬಾಯಿಗೆ ಎಲ್ಲಿಯದು?

ಮುಂದಿನ ವಾರಗಳಲ್ಲಿ ಹೊಲಿಗೆಗೆ ಎಂದೂ ಇಲ್ಲದಷ್ಟು ಗಿರಾಕಿ ಬಂದರು. ಚೆನ್ನಾಗಿದ್ದ ಜಿಪ್ಪನ್ನೇ ಕಿತ್ತುಕೊಂಡು ಬಂದವರೂ ಇದ್ದರು. ಬಟ್ಟೆ ಕೊಟ್ಟ ಮೇಲೂ ಹೊಸಿಲಲ್ಲೇ ನಿಂತು ಒಳಗೆ ಇಣುಕುವರು. “ಸೊಸೆ ಇದಾರಾ?” ಒಬ್ಬಳು ಒಂದು ಚೀಲ ಸೇಬು ತಂದಳು. ಸೊಸೆ ಹೊರಬಂದು ಸೇಬು ತೆಗೆದುಕೊಂಡು ಥ್ಯಾಂಕ್ಸ್ ಹೇಳಿದಳು. ಆ ಸೇಬನ್ನು ಮನೆಯಲ್ಲಿ ಯಾರೂ ತಿನ್ನಲಿಲ್ಲ. ಕೊಳೆತ ಮೇಲೆ ಕಿವಿಯಮ್ಮನೇ ಹೊರಗೆ ಹಾಕಿದಳು.

ಅಭಿಪ್ರಾಯ ಹೇಳುವುದನ್ನು ನಿಲ್ಲಿಸಿದಳು. ಯಜಮಾನರಿಗೆ ಹೇಳಿ ಹೊಲಿಗೆ ಯಂತ್ರವನ್ನು ತಿರುಗಿಸಿ, ನಡುಮನೆಗೆ ಮುಖ ಮಾಡಿ ಇರಿಸಿದಳು. ಇನ್ನು ಮೇಲೆ ಅವಳ ಮುಖ ನೋಡುತ್ತ ಕೂರುತ್ತೇನೆ, ಒಂದು ಹನಿ ಬಿದ್ದರೂ ಎದ್ದು ಒರೆಸುತ್ತೇನೆ ಎಂದು ಮನಸ್ಸಿನಲ್ಲೇ ಶಪಥ. ಆ ಸಂಜೆ ಸೊಸೆ ಬಂದಳು, ತಿರುಗಿದ ಯಂತ್ರ ನೋಡಿದಳು, ತರಕಾರಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಕೂತಳು. ಅಂದಿನಿಂದ ಅಲ್ಲೇ ಕೂರತೊಡಗಿದಳು.

ಹಾಗೆಂದು ಸಿಟ್ಟು ಸೆಡವು ಏನೂ ಇಲ್ಲ. “ಅತ್ತೆ, ಊಟಕ್ಕೆ ಬನ್ನಿ.” “ಅತ್ತೆ, ಗ್ಯಾಸ್ ಮುಗೀತು.” “ಅತ್ತೆ, ನಿಮ್ಮ ಮಾತ್ರೆ.” ಎಲ್ಲ ಮೊದಲಿನ ಹಾಗೆಯೇ. ಹತ್ತು ಸಾವಿರ ಜನರಿಗೆ ಧ್ವನಿಯ ಒಳಗುಟ್ಟು ಬಿಡಿಸಿ ಹೇಳಿದ ಕಿವಿಯಮ್ಮ ಆ ಮಾತುಗಳನ್ನು ಎಷ್ಟು ಹಿಂಡಿದರೂ ಒಂದು ತೊಟ್ಟು ಸಿಗುತ್ತಿರಲಿಲ್ಲ. ಎರಡು ಸಲ ಕ್ಷಮೆ ಕೇಳಲು ಹೋದಳು. “ಆಯ್ತು ಬಿಡಿ ಅತ್ತೆ,” ಎಂದು ಸೊಸೆ ಬಟ್ಟೆ ಒಣಹಾಕಲು ಹೋದಳು. ಬೈದಿದ್ದರೆ ವಾಸಿಯಾಗುತ್ತಿತ್ತು.

ಐದನೆಯ ವಾರ ಮಗ ಚಹಾ ಕುಡಿಯುತ್ತ ಸುದ್ದಿ ಹೇಳಿದ.

“ಇವಳನ್ನ ಮುಂದಿನ ಮೇಜಿಂದ ತೆಗೆದು ಒಳಗೆ ಹಾಕಿದಾರೆ. ಇನ್ನು ಉಪಕರಣ ತೊಳೆದು ಕುದಿಸೋ ಕೆಲಸ.”

“ಯಾಕೋ?”

“ಬಂದೋರೆಲ್ಲ ಹಲ್ಲು ಬಿಟ್ಟು ಇವಳ ಹೊಟ್ಟೆ ವಿಚಾರ ಕೇಳ್ತಾರಂತೆ. ಡಾಕ್ಟರಮ್ಮಂಗೂ ಸಾಕಾಗಿದೆ. ಇವಳೇ ಒಳಗೆ ಹಾಕಿ ಅಂದ್ಲಂತೆ.”

ಐದು ವರ್ಷ ಅಚ್ಚುಕಟ್ಟಾಗಿ ಬಟ್ಟೆ ಇಸ್ತ್ರಿ ಮಾಡಿಕೊಂಡು, ತಲೆ ಎತ್ತಿ ಆ ಮೇಜಿಗೆ ಹೋಗುತ್ತಿದ್ದ ಹುಡುಗಿ. ಕಿವಿಯಮ್ಮನಿಗೆ ತಡೆಯಲಾಗಲಿಲ್ಲ. ದಿನವಿಡೀ ಯೋಚಿಸಿ ಒಂದು ದಾರಿ ಕಂಡುಕೊಂಡಳು. ತನ್ನ ಬಳಿ ಇರುವ ಆಸ್ತಿ ಒಂದೇ: ಕಿವಿಯಮ್ಮ ಸುಳ್ಳು ಹೇಳುವುದಿಲ್ಲ ಎಂಬ ಹೆಸರು. ಅದನ್ನೇ ಕೊಟ್ಟುಬಿಟ್ಟರೆ? ನಾನು ಹೇಳಿದ್ದು ಸುಳ್ಳು, ಚಪ್ಪಾಳೆಯ ಆಸೆಗೆ ಕಥೆ ಕಟ್ಟಿದೆ ಎಂದರೆ ಜನ ತನಗೆ ಉಗಿಯುತ್ತಾರೆ, ಸೊಸೆಯನ್ನು ಬಿಡುತ್ತಾರೆ. ಉಗಿಯಲಿ. ಅಷ್ಟಾದರೂ ಆಗಬೇಕು ತನಗೆ. ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಯಜಮಾನರು ಏನಾದರೂ ಹೇಳುತ್ತಿದ್ದರೋ ಏನೋ.

ಮರುದಿನ ಹನ್ನೊಂದು ಗಂಟೆಗೆ ಚಿಕಿತ್ಸಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಗೋಡೆಯುದ್ದಕ್ಕೂ ಕುರ್ಚಿಗಳು, ಕೆನ್ನೆ ಊದಿಸಿಕೊಂಡ ಏಳೆಂಟು ಜನ. ಮುಂದಿನ ಮೇಜಿನಲ್ಲಿ ಯಾವುದೋ ಹೊಸ ಹುಡುಗಿ ಇದ್ದಳು.

“ಡಾಕ್ಟರಮ್ಮನ್ನ ನೋಡ್ಬೇಕಿತ್ತು.”

ಅಷ್ಟಕ್ಕೇ ಕುರ್ಚಿಯಲ್ಲಿದ್ದ ಹೆಂಗಸೊಬ್ಬಳು ಕೆನ್ನೆಯಿಂದ ಕೈ ತೆಗೆದಳು. “ಅಯ್ಯೋ, ಈ ಧ್ವನಿ! ನೀವು ಕಿವಿಯಮ್ಮ ಅಲ್ವಾ? ಎಷ್ಟು ದಿನ ಆಯ್ತಮ್ಮ ನಿಮ್ಮ ಅಭಿಪ್ರಾಯ ಕೇಳಿ!”

ಹಲ್ಲುನೋವು ಮರೆತು ನಾಲ್ಕು ತಲೆ ತಿರುಗಿದವು. ಇನ್ನೊಬ್ಬಳು ಕೇಳಿಯೇಬಿಟ್ಟಳು, “ಹಾಗಾದ್ರೆ ಇಲ್ಲಿ ಕೆಲಸ ಮಾಡೋ ಹುಡುಗೀನೇ ಅಲ್ವಾ ನಿಮ್ಮ ಸೊಸೆ? ಪಾಪ, ಆ ಮಗು...”

ಕಿವಿಯಮ್ಮ ಅವರ ಕಡೆ ತಿರುಗಿದಳು. ಡಾಕ್ಟರಮ್ಮನೊಬ್ಬಳಿಗೆ ಹೇಳುವುದಕ್ಕಿಂತ ಇದೇ ಒಳ್ಳೆಯದಾಯಿತು ಎಂದುಕೊಂಡಳು.

“ನೋಡಿ, ಎಲ್ಲರೂ ಕೇಳಿಸ್ಕೊಳಿ. ಅದು ನಾನು ಕಟ್ಟಿದ ಕಥೆ. ನೀವೆಲ್ಲ ಬೈದ್ರಲ್ಲ, ಆ ಸಿಟ್ಟಿಗೆ ಸುಳ್ಳು ಹೇಳ್ದೆ. ನಮ್ಮನೇಲಿ ಅಂಥದ್ದೇನೂ ಆಗಿಲ್ಲ. ಯಾವ ಬಸಿರೂ ಇರ್ಲಿಲ್ಲ, ಯಾವ ಮಗೂನೂ ಹೋಗಿಲ್ಲ. ಆ ಹುಡುಗೀನ ಸುಮ್ಮನೆ ಬಿಟ್ಬಿಡಿ. ಉಗಿಯೋದಿದ್ರೆ ನನಗೆ ಉಗೀರಿ.”

ನೆಲ ಒರೆಸುತ್ತಿದ್ದ ಅಕ್ಕ ಕೋಲು ಹಿಡಿದು ನಿಂತುಬಿಟ್ಟಳು. ಅವಳು ನೋಡುತ್ತಿದ್ದುದು ಕಿವಿಯಮ್ಮನನ್ನಲ್ಲ, ಒಳಕೋಣೆಯ ಬಾಗಿಲನ್ನು. ಅಲ್ಲಿ ರಬ್ಬರಿನ ಕೈಗವಸು ಹಾಕಿಕೊಂಡ ಸೊಸೆ ಇಕ್ಕಳಗಳ ತಟ್ಟೆ ಹಿಡಿದು ನಿಂತಿದ್ದಳು.

“ಏನೂ ಆಗಿಲ್ವಾ ಅತ್ತೆ?”

“ಸುಮ್ನಿರಮ್ಮ. ನಿನಗೋಸ್ಕರನೇ...”

“ಯಾವ ಮಗೂನೂ ಇರ್ಲಿಲ್ವಾ?”

“ಹಾಗಲ್ಲಮ್ಮ, ಜನದ ಬಾಯಿ ಮುಚ್ಚಿಸೋಕೆ...”

“ನೀವು ಎಲ್ಲರಿಗೂ ಹೇಳಿದ್ರಿ. ಸಹಿಸ್ಕೊಂಡೆ. ಹೇಳಿದ್ದಾದ್ರೂ ನಿಜ ತಾನೇ ಅಂತ ಸಹಿಸ್ಕೊಂಡೆ.” ಸೊಸೆ ತಟ್ಟೆಯನ್ನು ಮೇಜಿನ ಮೇಲಿಡಲು ಹೋದಳು. ತಟ್ಟೆ ವಾಲಿ ಇಕ್ಕಳಗಳು ನೆಲಕ್ಕೆ ಚೆಲ್ಲಿದವು. “ಈಗ ಇರಲೇ ಇಲ್ಲ ಅಂತೀರಲ್ಲ! ಇತ್ತು. ನಾಲ್ಕು ತಿಂಗಳು ನನ್ನ ಹತ್ರ ಇತ್ತು. ನೀವೇ ಅದಕ್ಕೆ ಅಂಗಿ ಹೊಲಿದಿಟ್ರಲ್ಲ ಅತ್ತೆ, ನೀವೇ ಇರಲಿಲ್ಲ ಅಂದ್ರೆ ಹೇಗೆ?”

ಆಮೇಲೆ ಅವಳು ಅತ್ತಳು. ಏಳೆಂಟು ಜನ ಹಲ್ಲುನೋವಿನವರ ಎದುರು, ಗೋಡೆಗೆ ಒರಗಿ, ಬಾಯಿ ಅಗಲಿಸಿ, ಮೂಗು ಬಾಯಿ ಒಂದಾಗುವಂತೆ ಅತ್ತಳು. ಉಸಿರು ಸಿಕ್ಕಿಕೊಂಡು ಬಿಕ್ಕಳಿಸಿದಳು, ಮತ್ತೆ ಅತ್ತಳು. ಹೊಸ ಹುಡುಗಿ ನೀರು ತಂದಳು. ಅಭಿಪ್ರಾಯ ಕೇಳಬೇಕೆಂದಿದ್ದ ಹೆಂಗಸರು ನೆಲ ನೋಡಿದರು. ಎಷ್ಟೋ ಅಳುಗಳಿಗೆ ಬೆಲೆ ಕಟ್ಟಿದ ಕಿವಿಯಮ್ಮ ಕೈ ಚಾಚಿ ಮುಂದೆ ಬಂದಳು. ಅಷ್ಟರಲ್ಲಿ ನೆಲ ಒರೆಸುವ ಅಕ್ಕ ಕೋಲು ಬಿಸಾಕಿ ಹುಡುಗಿಯನ್ನು ತಬ್ಬಿಕೊಂಡಿದ್ದಳು. ಸೊಸೆ ಅವಳ ಒದ್ದೆ ಸೆರಗಿನಲ್ಲೇ ಮುಖ ಹುದುಗಿಸಿದಳು.

ಕಿವಿಯಮ್ಮ ಚಾಚಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಳು.

“ನೀವು ಮನೆಗೆ ಹೋಗಿ ಅತ್ತೆ,” ಎಂದಳು ಸೊಸೆ, ಮುಖ ಎತ್ತದೆಯೇ.

“ನೀನೂ ಬಾಮ್ಮ. ಇಬ್ಬರೂ ಹೋಗೋಣ.”

“ನೀವು ಹೋಗಿ.”

ಕಿವಿಯಮ್ಮ ಹೊರಗೆ ಬಂದಳು. ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೂ ಅಳು ಕೇಳುತ್ತಿತ್ತು. ತನ್ನ ಹೆಸರನ್ನು ಬಿಟ್ಟುಕೊಡುತ್ತೇನೆಂದು ದೊಡ್ಡದಾಗಿ ಬಂದವಳು, ಆ ಕೂಸನ್ನು ಎರಡನೆಯ ಸಲ ಇಲ್ಲವಾಗಿಸಿ ಹೊರಟಿದ್ದಳು. ಮಾಡಿದ್ದಕ್ಕಿಂತ ಸರಿಪಡಿಸಲು ಹೋದದ್ದೇ ಹೆಚ್ಚು ಕೆಟ್ಟಿತ್ತು. ಇದಕ್ಕೆ ಕ್ಷಮೆಯನ್ನು ಯಾವ ಬಾಯಿಂದ ಕೇಳುವುದು? ಇದ್ದದ್ದು ಈ ಒಂದೇ ಬಾಯಿ.

ಕಾಲಿಗೆ ನೆಲ ಚುರುಕ್ಕೆಂದಾಗ ಬರಿಗಾಲಿನಲ್ಲಿ ಬಂದಿದ್ದೇನೆಂದು ಗೊತ್ತಾಯಿತು. ಮೇಲಿನ ಬಾಗಿಲಿನಿಂದ ಯಾರೋ ಕೂಗುತ್ತಿದ್ದರು.

“ಕಿವಿಯಮ್ಮ! ಚಪ್ಪಲಿ ಬಿಟ್ಟು ಹೋಗ್ತಿದೀರಾ! ಕಿವಿಯಮ್ಮ!”

ಬೀದಿಯಲ್ಲಿದ್ದವರು ತಿರುಗಿ ನೋಡಿದರು. ಅವಳು ಕೇಳಿಸದವಳಂತೆ ತಲೆ ತಗ್ಗಿಸಿ ನಡೆದಳು.